ಎಲೆಯ ಬೆನ್ನಿನ ಗುಳ್ಳೆಗಳು

ಫೆಬ್ರವರಿ 18, 1997. ಮಂಗಳವಾರ

ಫೈಕಸ್ ಗಿಡಗಳು ಸ್ಟುಡಿಯೋದಿಂದ ವಾಪಸ್ ಬಂದವು. ಯಾವುದೋ ಸೀರಿಯಲ್‌ನ ಆಸ್ಪತ್ರೆ ಲಾಬಿಯಲ್ಲಿ ನಿಂತು ಬಂದಿವೆ. ಕುಂಡದ ತುಂಬ ಸಿಗರೇಟಿನ ತುಂಡು, ಚೆಲ್ಲಿದ ಕಾಫಿ. ಒಂದಕ್ಕೆ ಹಸಿರು ಸಾಲದೆಂದು ಬಣ್ಣ ಹೊಡೆದಿದ್ದಾರೆ — ಜೀವ ಇರುವ ಎಲೆಗೆ ಸ್ಪ್ರೇ ಪೇಂಟ್! ಬೆಳಗಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸಸ್ಯರೋಗ ಶಾಸ್ತ್ರದಲ್ಲಿ ಡಾಕ್ಟರೇಟ್. ಕೆಲಸ, ಬರ್ಬ್ಯಾಂಕ್‌ನ ಸಿನಿಮಾದವರಿಗೆ ಬಾಡಿಗೆ ಹೋಗುವ ಗಿಡಗಳ ಮೈ ತೊಳೆಯುವುದು. ಇರಲಿ. 

ಮಧ್ಯಾಹ್ನ ಆಫೀಸಿನಿಂದ ಕೂಗಿದರು, ಫೋನ್ ಎಂದು. ಮನೆಯವರಿರಬೇಕು ಎಂದುಕೊಂಡು ಮಣ್ಣಿನ ಕೈಯಲ್ಲೇ ಎತ್ತಿದೆ.

"ವಿಜಯಾ, ನಾನು. ನಿತ್ಯಾನಂದ. ಸ್ಯಾನ್ ಡಿಯಾಗೊದಿಂದ. ಹೇಗಿದ್ದಿ?"

ಐದು ವರ್ಷದ ಮೇಲೆ. ಹೇಗಿದ್ದಿ ಅಂತೆ.

"ಒಂದು ಎಲೆ ನೋಡ್ಬೇಕಿತ್ತು ಮಾರಾಯ್ತಿ. ಅಡಿಯಲ್ಲಿ ಗುಳ್ಳೆ ಗುಳ್ಳೆ ಉಂಟು. ನನಗೆ ಎಂತದ್ದಂತ ಗೊತ್ತಾಗ್ತಾ ಇಲ್ಲ."

"ನಿಮ್ಮದೇ ಲ್ಯಾಬ್ ಇದೆಯಲ್ಲ ಸರ್."

"ಅಲ್ಲಿ ತೋರಿಸ್ಲಿಕ್ಕೆ ಆಗುವುದಿಲ್ಲ."

ಫೋನ್ ಇಟ್ಟುಬಿಟ್ಟೆ.

ಫೆಬ್ರವರಿ 19

ಮನೆಯವರಿಗೆ, ಗುರುಬಸಪ್ಪನಿಗೆ ಹೇಳಿದೆ. ಲಾಂಗ್ ಬೀಚ್‌ನ ಕೆಲಸದಿಂದ ಆಗ ತಾನೆ ಬಂದು ಶೂ ಬಿಚ್ಚುತ್ತಿದ್ದರು. ಒಂದು ಶೂ ಕೈಯಲ್ಲೇ ಉಳಿಯಿತು.

"ಅಂವಾ ಯಾಕ ಮಾಡಿದ್ದ ಫೋನ್? ನಾಚಿಕಿ ಬ್ಯಾಡ?"

"ಎಲೆ ತೋರಿಸಬೇಕಂತ."

"ತಾನ ದೊಡ್ಡ ಡಾಕ್ಟರ್ ಇದ್ದಾನಲ್ಲ, ನೋಡ್ಕೊಳ್ಳಲಿ."

ನೋಡಿಕೊಳ್ಳಲಾರ. ಅದು ನನಗೆ ಗೊತ್ತು. ಅವನ ಲ್ಯಾಬಿನಲ್ಲಿ ಮೂರು ವರ್ಷ ದುಡಿದೆ. ಅವನು ಮೈಕ್ರೊಸ್ಕೋಪಿನ ಮುಂದೆ ಕುಳಿತದ್ದನ್ನು ಫೋಟೊಗ್ರಾಫರ್ ಬಂದ ದಿನ ಮಾತ್ರ ನೋಡಿದ್ದೇನೆ. ಗಿರಾಕಿಗಳ ಜೊತೆ ಊಟ ಅವನದು, ಎಲೆ ನೋಡುವ ಕಣ್ಣು ನನ್ನದು.

92ರ ಬೇಸಿಗೆ. ಎನ್ಸಿನಿಟಾಸ್‌ನ ದೊಡ್ಡ ಬೆಳೆಗಾರನೊಬ್ಬನ ಪಾಯಿನ್‌ಸೆಟಿಯಾ ಸಸಿಗಳು, ಕ್ರಿಸ್‌ಮಸ್‌ಗೆ ಮಾರುವ ಕೆಂಪೆಲೆಯ ಗಿಡ. ಸ್ಯಾಂಪಲ್ ತರಲು ಅವನೇ ಹೋದ. ತಂದು ಕಾರಿನ ಡಿಕ್ಕಿಯಲ್ಲಿ ಮರೆತ. ವೀಕೆಂಡ್ ಪೂರ್ತಿ ಬಿಸಿಲಲ್ಲಿ ಬೆಂದು ಕೊಳೆತ ಆ ಚೀಲವನ್ನು ಸೋಮವಾರ ಕಸದ ಡಬ್ಬಿಯಲ್ಲಿ ನಾನೇ ಕಂಡೆ. ಕೇಳಿದರೆ, "ಬಿಡು, ನಾನು ನೋಡ್ಕೊಂಡಿದ್ದೇನೆ" ಎಂದ. ರೋಗವಿಲ್ಲ ಎಂದು ಬೆಳೆಗಾರನಿಗೆ ಹೇಳಿಬಿಟ್ಟಿದ್ದ. ರೋಗ ಇತ್ತು. ಗ್ರೀನ್‌ಹೌಸ್ ಗ್ರೀನ್‌ಹೌಸೇ ಸತ್ತಿತು. ಬೆಳೆಗಾರ ಬಂದು ಕೂಗಾಡಿದಾಗ ಎಲ್ಲರೆದುರು ನನ್ನ ಕಡೆ ಕೈ ತೋರಿಸಿದ. ಡಾಕ್ಟರ್ ವಿಜಯಾ ಸ್ಯಾಂಪಲ್ ಮಿಕ್ಸ್ ಮಾಡಿದರು ಎಂದ. ದುಃಖದ ಮುಖ ಮಾಡಿಕೊಂಡು ಬೇರೆ.

ಆಮೇಲೆ ಸದರ್ನ್ ಕ್ಯಾಲಿಫೋರ್ನಿಯಾದ ಒಂದು ಲ್ಯಾಬೂ ನನ್ನನ್ನು ಒಳಗೆ ಬಿಡಲಿಲ್ಲ. ಎಲ್ಲಿ ಅಪ್ಲೈ ಮಾಡಿದರೂ ಅವನಿಗೆ ಫೋನ್ ಹೋಗುತ್ತಿತ್ತು.

ಆದರೂ ರಾತ್ರಿ ನಾನೇ ಫೋನ್ ಮಾಡಿ ಬನ್ನಿ ಎಂದು ಹೇಳಿದ್ದೇನೆ. ಶನಿವಾರ.

ಫೆಬ್ರವರಿ 22, ಶನಿವಾರ. ಸಂಜೆ

ಬಂದಿದ್ದ. ನರ್ಸರಿಗೇ ಕರೆಸಿದೆ, ಮನೆಗಲ್ಲ. ಪ್ಲಾಸ್ಟಿಕ್ ತಾಳೆಮರಗಳ ನಡುವೆ ನಿಂತು ಕಾಯುತ್ತಿದ್ದ. ಕಾಯಲಿ ಎಂದು ಇನ್ನೂ ಎರಡು ಸಾಲು ಗಿಡಕ್ಕೆ ನೀರು ಹಾಕಿ ಹೋದೆ. ತಲೆ ಪೂರ್ತಿ ನೆರೆತಿದೆ. ಖುಷಿಯಾಯಿತು.

ಜೇಬಿನಿಂದ ಜಿಪ್‌ಲಾಕ್ ಚೀಲ ತೆಗೆದ. ಬೆರಳು ಬಿಡಿಸಿದ ಹಸ್ತದಂಥ ಎಲೆಗಳು, ಅಂಚಿಗೆ ಗರಗಸದ ಹಲ್ಲು. ಹೆಸರು ಹೇಳಬೇಕಾದ್ದೇ ಇಲ್ಲ. ಗಾಂಜಾ!

"ರತ್ನಾವತಿಗೆ," ಎಂದ. ಅವನ ಹೆಂಡತಿ. "ಕ್ಯಾನ್ಸರ್. ಕೀಮೋ ಕೊಟ್ಟ ಮೇಲೆ ಒಂದು ಚಮಚ ಗಂಜಿ ಕೂಡ ನಿಲ್ಲುವುದಿಲ್ಲ. ಮದ್ದು ಎಲ್ಲ ಕೊಟ್ಟು ನೋಡಿದ್ರು. ಮಗಳು ತೃಪ್ತಿ ಅವಳ ಕಾಲೇಜಿನ ಯಾರಿಂದಲೋ ಇದನ್ನು ಸ್ವಲ್ಪ ತಂದಿದ್ದಳು, ಅದ್ರಿಂದ ಊಟ ಸೇರಿತು. ಈಗ ಅದು ಸಿಗುವುದಿಲ್ಲ. ಡಾಕ್ಟರೇ ಬಾಯಿಮಾತಲ್ಲಿ ಹೇಳಿದ್ರು, ಬೆಳೆಸಿ ಅಂತ. ಮದ್ದಿಗೆ ಬೆಳೆಸ್ಬಹುದು ಅಂತ ನವೆಂಬರಲ್ಲಿ ಸ್ಟೇಟ್ ಕಾನೂನು ಪಾಸಾಗಿದೆಯಲ್ಲ."

"ಮತ್ತೆ ಹೆದರಿಕೆ ಏನು?"

"ಸ್ಟೇಟ್ ಒಪ್ಪಿದ್ರೆ ಆಯ್ತಾ? ಫೆಡರಲ್‌ನವರು ಒಪ್ಪಬೇಕಲ್ಲ. ನನ್ನ ಲ್ಯಾಬಿನ ಪರ್ಮಿಟ್ ಅವ್ರದ್ದು. ಗ್ಯಾರೇಜಲ್ಲಿ ಗಾಂಜಾ ಉಂಟು ಅಂತ ಗೊತ್ತಾದ್ರೆ ಬಾಗಿಲು ಹಾಕಿಸ್ತಾರೆ. ನಿನ್ನನ್ನು ಬಿಟ್ಟು ಯಾರಿಗೆ ತೋರಿಸ್ಲಿ?"

ಸಸಿಗಳು ಇನ್ನೂ ಮೊಣಕಾಲೆತ್ತರವಂತೆ, ಮಗಳು ದಿನಾ ನೀರು ಹಾಕುತ್ತಾಳಂತೆ. ಕೆಳಗಿನ ಎಲೆಗಳ ಬೆನ್ನಿಗೆಲ್ಲ ಗುಳ್ಳೆ. ಚೀಲ ತೆಗೆದುಕೊಂಡೆ. ನೋಡಿ ಹೇಳುತ್ತೇನೆ ಎಂದೆ. ಥ್ಯಾಂಕ್ಸ್ ಎಂದು ಕೈ ಮುಂದೆ ಮಾಡಿದ. ನನ್ನ ಕೈ ಮಣ್ಣಾಗಿದೆ ಎಂದೆ.

ಫೆಬ್ರವರಿ 23, ಭಾನುವಾರ

ತಿಂಡಿ ಮುಗಿಸಿ ಊಟದ ಮೇಜಿನ ಮೇಲೆ ಮೈಕ್ರೊಸ್ಕೋಪ್ ಇಟ್ಟೆ. ಪಸಡೀನಾದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಕವರಿನ ಮೇಲೆ ಧೂಳು.

ಎಷ್ಟು ಚೆಂದದ ಕೆಲಸ ಇದು! ಮರೆತೇಬಿಟ್ಟಿದ್ದೆ. ಮೊದಲು ಬರಿಗಣ್ಣು. ಗುಳ್ಳೆ ಇರುವುದು ಎಲೆಯ ಬೆನ್ನಿಗೆ ಮಾತ್ರ. ಎಳೆಯವು ನೀರು ತುಂಬಿದಂತೆ ಪಾರದರ್ಶಕ. ಹಳೆಯವು ಒಡೆದು ಕಂದುಬಣ್ಣವಾಗಿ, ಬೆಂಡಿನಂತೆ ಒರಟು. ಆಮೇಲೆ ಲೆನ್ಸ್. ನುಸಿ ಇಲ್ಲ, ಮೊಟ್ಟೆ ಇಲ್ಲ. ಬ್ಲೇಡಿನಲ್ಲಿ ತೆಳ್ಳಗೆ ಸೀಳಿ ಸ್ಲೈಡಿಗೆ ಹಾಕಿದೆ. ಶಿಲೀಂಧ್ರದ ಎಳೆ ಇಲ್ಲ. ಕತ್ತರಿಸಿದ ಅಂಚಿನಿಂದ ಬ್ಯಾಕ್ಟೀರಿಯಾ ಹೊಗೆಯಂತೆ ಹೊರಡಬೇಕಿತ್ತು, ಅದೂ ಇಲ್ಲ. ಎಲೆ ಮುರುಟಿಲ್ಲ, ನರಗಳು ಸರಿಯಾಗಿವೆ, ವೈರಸ್ಸಿನ ಲಕ್ಷಣವೂ ಅಲ್ಲ. ಊದಿಕೊಂಡ ಜೀವಕೋಶಗಳು, ಅಷ್ಟೇ. ಬಲೂನಿನ ಹಾಗೆ.

ಇಡೀಮಾ. ರೋಗವೇ ಅಲ್ಲ. ಬೇರು ಕುಡಿದಷ್ಟು ನೀರನ್ನು ಎಲೆ ಹೊರಗೆ ಬಿಡಲಾಗದೆ ಊದಿಕೊಂಡಿದೆ. ಅವನ ಮನೆಯಿರುವ ಡೆಲ್ ಮಾರ್‌ನ ಕಡಲ ಮಂಜು, ಮುಚ್ಚಿದ ಗ್ಯಾರೇಜು, ಪ್ರೀತಿ ಹೆಚ್ಚಾಗಿ ದಿನಾ ನೀರು ಸುರಿಯುವ ಮಗಳು. ನೀರು ಕಡಿಮೆ ಮಾಡಿ ಒಂದು ಫ್ಯಾನ್ ಇಟ್ಟರೆ ಹೊಸ ಎಲೆ ಶುದ್ಧವಾಗಿ ಬರುತ್ತದೆ. ಒಂದು ವಾಕ್ಯದ ಉತ್ತರ.

ಹೇಳುವುದಿಲ್ಲ. ಸದ್ಯಕ್ಕೆ.

ಫೆಬ್ರವರಿ 26

ಫೋನ್ ಮಾಡಿ ಹೇಳಿದೆ: "ಜೇಬಿನಲ್ಲಿ ತಂದಿರಲ್ಲ ಸರ್, ಎಲೆ ಬಾಡಿದೆ. ಇನ್ನೊಂದು ಸಲ ತನ್ನಿ. ಐಸ್ ಬಾಕ್ಸ್‌ನಲ್ಲಿ. ಕಾರಿನಲ್ಲಿ ಬಿಡಬೇಡಿ."

"ಆಯ್ತು," ಎಂದ.

ಮಾರ್ಚ್ 1, ಶನಿವಾರ

ಐಸ್ ಬಾಕ್ಸನ್ನು ಎದೆಗವಚಿಕೊಂಡು ಬಂದ. ಎರಡೂವರೆ ಗಂಟೆ ಡ್ರೈವ್. ಐ-ಫೈವ್ ಹೆದ್ದಾರಿಯಲ್ಲಿ ಆಕ್ಸಿಡೆಂಟ್ ಆಗಿತ್ತಂತೆ, ಬೆವರಿದ್ದ. ನೀರು ಕೇಳಿದ. ಗಿಡಕ್ಕೆ ಹಾಕುವ ಪೈಪು ತೋರಿಸಿದೆ. ಕುಡಿದ.

ಮುಚ್ಚಳ ತೆಗೆದು ನೋಡಿ, ಬೇರಿನ ಮಣ್ಣೂ ಬೇಕಿತ್ತಲ್ಲ ಸರ್ ಎಂದೆ. ಮುಂದಿನ ವಾರ ತರುತ್ತೇನೆ ಎಂದ.

ಮನೆಗೆ ಬರುತ್ತ ಕಾರಿನಲ್ಲಿ ಹಾಡಿಕೊಂಡೆ. ಎಷ್ಟು ವರ್ಷವಾಗಿತ್ತು.

ಮಾರ್ಚ್ 8, ಶನಿವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಮಣ್ಣು ತಂದಿದ್ದ. ಬೆಂಚಿನ ಮೇಲೆ ಕೂರಿಸಿದೆ. ಇವತ್ತು ಸತ್ಯ ಹೇಳುವುದೆಂದೇ ಹೋಗಿದ್ದೆ, ದೇವರಾಣೆ. ಆದರೆ ಮೊದಲು ಅವನು ಹೇಳಬೇಕು.

"ಸರ್, ಆ ಪಾಯಿನ್‌ಸೆಟಿಯಾ ವಿಷಯ. ಆ ಬೆಳೆಗಾರನಿಗೆ ಒಂದು ಫೋನ್ ಮಾಡಿ. ಕೊಳೆಸಿದ್ದು ನೀವು ಅಂತ ಹೇಳಿ. ಅಷ್ಟು ಸಾಕು ನನಗೆ."

ನನ್ನನ್ನೇ ನೋಡಿದ. ಕಣ್ಣಲ್ಲಿ ನಾಚಿಕೆ ಇರುತ್ತದೆಂದು ಹುಡುಕಿದೆ. ಇರಲಿಲ್ಲ. ಕರುಣೆ ಇತ್ತು.

"ವಿಜಯಾ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ? ಯಾರಿಗೂ ತಪ್ಪಾಗ್ತದೆ. ಸ್ಯಾಂಪಲ್ ಮಿಕ್ಸ್ ಆದದ್ದು ನಿನ್ನ ಕೈಯಲ್ಲೇ ಅಲ್ವಾ? ನಾನು ಆವತ್ತೇ ಕ್ಷಮಿಸಿದ್ದೇನೆ."

ಕ್ಷಮಿಸಿದ್ದಾನಂತೆ! ಸುಳ್ಳನ್ನು ಹೇಳಿ ಹೇಳಿ ನಂಬಿಬಿಟ್ಟಿದ್ದಾನೆ. ಡಿಕ್ಕಿಯೂ ಇಲ್ಲ, ಚೀಲವೂ ಇಲ್ಲ ಈಗ ಅವನ ತಲೆಯಲ್ಲಿ. ನಾನೊಬ್ಬಳೇ ಇದ್ದೇನೆ, ಕೈ ತಪ್ಪಿದವಳು.

"ವೈರಸ್," ಎಂದೆ. ನನ್ನ ದನಿ ಎಷ್ಟು ತಣ್ಣಗಿತ್ತು! "ಚಿಕಿತ್ಸೆ ಇಲ್ಲ. ಹರಡುತ್ತದೆ. ನಿಮ್ಮ ಬಟ್ಟೆಗೆ ಅಂಟಿಕೊಂಡು ಗಿರಾಕಿಗಳ ಗ್ರೀನ್‌ಹೌಸ್‌ಗೂ ಹೋಗಬಹುದು. ಎಲ್ಲ ಕಿತ್ತುಬಿಡಿ, ಮಣ್ಣು ಸಮೇತ. ಇವತ್ತೇ."

ಬಣ್ಣ ಇಳಿದುಹೋಯಿತು ಅವನಿಗೆ. "ಎಲ್ಲ?"

"ಎಲ್ಲ."

"ಬೇರೆ ದಾರಿ ಇಲ್ವಾ? ರತ್ನಾವತಿ..."

"ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆಯವರಿಗೆ ತೋರಿಸಿ ಸರ್."

ತಲೆ ತಗ್ಗಿಸಿ ಹೋದ. ಗೇಟಿನವರೆಗೂ ನೋಡುತ್ತ ನಿಂತೆ.

ಮಾರ್ಚ್ 9

ಕಿತ್ತಿರುತ್ತಾನೆ. ಒಂದೊಂದೇ ಬುಡ ಹಿಡಿದು. ಕಪ್ಪು ಚೀಲಕ್ಕೆ ತುಂಬಿ, ಅಕ್ಕಪಕ್ಕದವರು ನೋಡದಂತೆ... ಇಡೀ ದಿನ ಅದನ್ನೇ ಯೋಚಿಸಿದೆ. ಹೊಟ್ಟೆ ತುಂಬ ಊಟ ಮಾಡಿದೆ.

ಗುರುಬಸಪ್ಪ ಕೇಳಿದರು, ಏನಂತ ಆ ಗುಳ್ಳೆ? ವೈರಸ್ ಎಂದೆ. ಅವರು ಎಂಜಿನಿಯರ್, ಗಿಡ ಗೊತ್ತಿಲ್ಲ. ನಾನು ಗೊತ್ತು.

"ಖರೇನ?"

ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡೆ.

"ನಮ್ಮ ಕಡೆ ಮಠದಾಗ ಭಂಗಿ ಸೊಪ್ಪು ಅಂದ್ರ ಪ್ರಸಾದ. ಇಲ್ಲಿ ಔಷಧಾ ಅಂತಾರ. ಇರ್ಲಿ. ಅಕಿ ಏನ್ ಮಾಡ್ಯಾಳ ನಿನಗ? ಅವನ ಹೇಣ್ತಿ?"

"ಸುಮ್ಮನಿದ್ದಳು. ಮೊದಲ ತಿಂಗಳು ಅವರ ಮನೆಯಲ್ಲೇ ಇದ್ದೆನಲ್ಲ ನಾನು, ದಿನಾ ನೀರ್‌ದೋಸೆ ಹಾಕಿಕೊಟ್ಟಳು. ನನ್ನನ್ನು ಹೊರಗೆ ಹಾಕಿದಾಗ ಒಂದು ಫೋನ್ ಮಾಡಲಿಲ್ಲ. ಅದನ್ನೇ ಮಾಡಿದಳು."

ಗುರುಬಸಪ್ಪ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದರು. ನಲ್ಲಿ ಬಹಳ ಹೊತ್ತು ಓಡಿತು.

ಮಾರ್ಚ್ 15

ನಿದ್ದೆ ಚೆನ್ನಾಗಿ ಬರುತ್ತಿದೆ.

ಏಪ್ರಿಲ್ 3, ಗುರುವಾರ

ತೃಪ್ತಿ ಫೋನ್ ಮಾಡಿದ್ದಳು. ನಾನು ಕಂಡಾಗ ಹೈಸ್ಕೂಲು, ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದಳು. ಈಗ ಕಾಲೇಜು ಬಿಟ್ಟು ಮನೆಯಲ್ಲಿದ್ದಾಳೆ, ತಾಯಿಯನ್ನು ನೋಡಿಕೊಳ್ಳಲು.

"ಆಂಟಿ, ಐ ಡಿಡ್ ಸಮ್‌ಥಿಂಗ್ ಬ್ಯಾಡ್. ಡ್ಯಾಡ್ ಎಲ್ಲಾ ಕಿತ್ತಾಗ ಐ ಹಿಡ್ ಒನ್. ಲಾಂಡ್ರಿ ರೂಮಲ್ಲಿ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಆಮೇಲೆ ಅಮ್ಮ ಹಾಸ್ಪಿಟಲ್‌ನಲ್ಲಿ ಇದ್ರು, ಟೂ ವೀಕ್ಸ್. ಡೀಹೈಡ್ರೇಷನ್. ಶಿ ಕುಡ್‌ಂಟ್ ಕೀಪ್ ಎನಿಥಿಂಗ್ ಡೌನ್. ಸೋ ನಾನು ಪ್ಲಾಂಟಿಗೆ ನೀರು ಹಾಕೋದು ಮರೆತೆ. ಬಟ್ ಆಂಟಿ, ಇಟ್ಸ್ ಕ್ಲೀನ್! ಹೊಸ ಲೀವ್ಸ್‌ನಲ್ಲಿ ಒಂದೂ ಬಂಪ್ ಇಲ್ಲ. ವೈರಸ್ ಗುಣ ಆಗುತ್ತಾ? ಕ್ಯಾನ್ ಯು ಕಮ್ ಅಂಡ್ ಲುಕ್?"

ಆಸ್ಪತ್ರೆಗೆ ಸೇರಿಸಿದ್ದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಅವನು ಮಾತ್ರ ಕಾಣುತ್ತಿದ್ದ ಕಣ್ಣಿಗೆ, ಚೀಲ ಹಿಡಿದು ನಿಂತವನು.

ಬರುತ್ತೇನೆ ಎಂದೆ. ಯಾಕೆ ಎಂದೆನೋ.

ಏಪ್ರಿಲ್ 6, ಭಾನುವಾರ

ಒಬ್ಬಳೇ ಹೋದೆ. ಡೆಲ್ ಮಾರ್‌ನಲ್ಲಿ ಮಧ್ಯಾಹ್ನವಾದರೂ ಮಂಜು ಎದ್ದಿರಲಿಲ್ಲ.

ರತ್ನಾವತಿಯವರು ಸೋಫಾದಲ್ಲಿ ಒರಗಿದ್ದರು. ತಲೆಗೆ ಹತ್ತಿಯ ಸ್ಕಾರ್ಫ್. ಅರ್ಧಕ್ಕರ್ಧ ಆಗಿದ್ದಾರೆ. ಪಕ್ಕದಲ್ಲಿ ಒಂದು ಸ್ಟೀಲ್ ಬೋಗುಣಿ, ಮೇಲೆ ಮಡಿಸಿದ ಟವೆಲ್. "ಬಾ ವಿಜಯಾ. ತೆಳ್ಳಗಾಗಿದ್ದಿ," ಎಂದರು. ಅವರು, ನನಗೆ.

ಮಾತು ಮುಂದುವರಿಯುವ ಮೊದಲೇ ನಿತ್ಯಾನಂದ ಗಿಡ ಎತ್ತಿಕೊಂಡು ಬಂದ. ಮುಖ ಹಬ್ಬದ ಹಾಗೆ ಅರಳಿತ್ತು. ಕುಂಡವನ್ನು ನನ್ನ ಮುಂದೆ ಟೀಪಾಯಿಯ ಮೇಲೆ ಇಟ್ಟ. ಕೆಳಗಿನ ಎಲೆಗಳಲ್ಲಿ ಒಣಗಿದ ಹಳೆಯ ಕಲೆ. ಮೇಲಿನದೆಲ್ಲ ಹಸಿರು, ನುಣ್ಣಗೆ.

"ವೈರಸ್ ಅಂದಿದ್ದಿ. ನೋಡು ಈಗ! ವೈರಸ್ ಅಲ್ಲವೇ ಅಲ್ಲ ಇದು. ಬರೀ ನೀರು ಹೆಚ್ಚಾದದ್ದು."

ಅವನು ತೃಪ್ತಿಯ ಕಡೆ ತಿರುಗಿದ.

"ವಿಜಯಾ ಆಂಟಿಗೆ ಆವತ್ತೂ ಹೀಗೇ ಆಗಿತ್ತು. ನನ್ನ ಲ್ಯಾಬಲ್ಲಿ. ಪಾಪ, ಒಳ್ಳೆಯವಳೇ. ಕಣ್ಣು ಸ್ವಲ್ಪ ಸಾಲದು." ಮತ್ತೆ ನನ್ನ ಕಡೆ. "ಹೆದರಬೇಡ. ನಾನು ಯಾರಿಗೂ ಹೇಳುವುದಿಲ್ಲ."

ಆಗ ಅರ್ಥವಾಯಿತು ನಾನು ಏನು ಮಾಡಿಕೊಂಡೆನೆಂದು. ಐದು ವರ್ಷ ಅವನ ಸುಳ್ಳಿಗೆ ಸಾಕ್ಷಿ ಇರಲಿಲ್ಲ. ಈಗ ಟೀಪಾಯಿಯ ಮೇಲಿದೆ, ಕುಂಡದಲ್ಲಿ. ನಾನೇ ಕೊಟ್ಟದ್ದು. ಅಲ್ಲ, ನನ್ನ ಕಣ್ಣು ತಪ್ಪಲಿಲ್ಲ ಎನ್ನಬೇಕಾದರೆ ಗೊತ್ತಿದ್ದೂ ಕೀಳಿಸಿದೆ ಎನ್ನಬೇಕು. ಈ ಬೋಗುಣಿಯ ಮುಂದೆ ಕುಳಿತು.

ರತ್ನಾವತಿಯವರು ನನ್ನನ್ನೇ ನೋಡುತ್ತಿದ್ದರು. "ನೀವಿಬ್ರೂ ಸ್ವಲ್ಪ ಒಳಗೆ ಹೋಗಿ," ಎಂದರು ಗಂಡ ಮಗಳಿಗೆ. ಅವರು ಹೋದ ಮೇಲೆ ನಿಧಾನಕ್ಕೆ ಹೇಳಿದರು:

"ಆವತ್ತು ನಾನು ಇವ್ರಿಗೆ ಹೇಳಿದ್ದೆ, ವಿಜಯಾಳ ಕಣ್ಣು ತಪ್ಪುವ ಕಣ್ಣಲ್ಲ, ನಿಜ ಹೇಳಿ ಅಂತ. ಎಷ್ಟು ಕೇಳಿದ್ರೂ ಹೇಳ್ಲಿಲ್ಲ. ನಿನಗೆ ಫೋನ್ ಮಾಡ್ಲಿಕ್ಕೆ ನನಗೆ ಮುಖ ಇರ್ಲಿಲ್ಲ. ಈಗ ನೀನು ಹೇಳು. ನಿನಗೆ ಗೊತ್ತಾಗ್ಲಿಲ್ವಾ, ಗೊತ್ತಿತ್ತಾ?"

ಗೊತ್ತಾಗಲಿಲ್ಲ ಎನ್ನಬಹುದಿತ್ತು. ಅವರೂ ನೆಮ್ಮದಿಯಾಗಿ ಇರುತ್ತಿದ್ದರು.

"ಗೊತ್ತಿತ್ತು," ಎಂದೆ. "ಮೊದಲ ದಿನವೇ."

ಬರೆಯಬೇಕಾದ್ದು ಇದು: ಆ ಮಾತು ಬಾಯಿಂದ ಹೊರಟಾಗ ಮೊದಲು ಬಂದದ್ದು ನಾಚಿಕೆಯಲ್ಲ. ಹೆಮ್ಮೆ. ಆಮೇಲೆ ಅವರ ಕೈ ನೋಡಿದೆ. ಡ್ರಿಪ್ಪಿನ ಸೂಜಿ ಚುಚ್ಚಿ ಚುಚ್ಚಿ ಮೊಣಕೈವರೆಗೂ ನೀಲಿಯಾಗಿತ್ತು.

ಕಣ್ಣು ಮುಚ್ಚಿಕೊಂಡರು. ಆಮೇಲೆ ಗಂಡನನ್ನು ಕೂಗಿದರು.

"ಇವಳಿಗೆ ಗೊತ್ತಿತ್ತಂತೆ, ನೀರು ಹೆಚ್ಚಾದದ್ದು ಅಂತ. ಬೇಕಂತಲೇ ಕೀಳಿಸಿದ್ದು. ಇವಳ ಕಣ್ಣು ತಪ್ಪಿಲ್ಲ. ಆವತ್ತೂ ತಪ್ಪಿರ್ಲಿಲ್ಲ. ಈಗಲಾದ್ರೂ ಒಪ್ಕೊಳ್ಳಿ."

"ಏನು ಮಾತಾಡ್ತಿ ನೀನು? ಬೇಕಂತ ಯಾರಾದ್ರೂ..." ನನ್ನ ಮುಖ ನೋಡಿದ. ನಿಲ್ಲಿಸಿದ. ಟೀಪಾಯಿಯ ಅಂಚು ಹಿಡಿದುಕೊಂಡ.

ತೃಪ್ತಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ.

"ಇಬ್ರೂ ಹೊರಗೆ ಹೋಗಿ," ಎಂದರು ರತ್ನಾವತಿಯವರು. ದನಿ ಏರಲಿಲ್ಲ. "ನನಗೆ ವಾಂತಿ ಬರ್ತಾ ಉಂಟು. ಮಗಳು ಸಾಕು ನನ್ನ ಹತ್ರ."

ಹೊರಗೆ ಬಂದೆವು, ಅವನೂ ನಾನೂ. ಡ್ರೈವ್‌ವೇನಲ್ಲಿ ನಿಂತೆವು. ಮಂಜಿನಲ್ಲಿ ಸಮುದ್ರ ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಒಳಗಿನಿಂದಲೂ ಸದ್ದು ಬರುತ್ತಿತ್ತು.

"ನೀರು ಕಮ್ಮಿ ಮಾಡಿದ್ರೆ ಸಾಕಿತ್ತಾ?" ಎಂದ.

"ಸಾಕಿತ್ತು."

ಬಯ್ಯುತ್ತಾನೆ ಎಂದು ಕಾದೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವನು ಗ್ಯಾರೇಜಿನ ಬಾಗಿಲಿನ ಕಡೆ ನೋಡುತ್ತ ಹೇಳಿದ, "ಡಿಕ್ಕಿಯಲ್ಲಿ ಇಟ್ಟದ್ದು ನೆನಪುಂಟು ನನಗೆ."

ಇಷ್ಟೇ. ಐದು ವರ್ಷ ಇದಕ್ಕಾಗಿ ಕಾದೆ. ಕೇಳಿದವಳು ನಾನೊಬ್ಬಳೇ. ಮತ್ತು ಅವನ ಮೇಲಿನ ಸಿಟ್ಟು ಅಷ್ಟೇ ಇದೆ. ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಕಾರು ಹತ್ತುವಾಗ ತೃಪ್ತಿ ಬಂದಳು, ಕುಂಡ ಹಿಡಿದು. ಕಣ್ಣು ಕೆಂಪಾಗಿತ್ತು. "ಇದಾದ್ರೂ ಉಪಯೋಗಕ್ಕೆ ಬರುತ್ತಾ? ಟೆಲ್ ಮಿ ದ ಟ್ರೂತ್ ದಿಸ್ ಟೈಮ್."

ಗೆಣ್ಣುಗಳನ್ನು ನೋಡಿದೆ. ಸಣ್ಣ ಸಣ್ಣ ಗುಂಡು ಮೊಗ್ಗು, ಗೊಂಚಲಾಗಿ. ಒಂದಕ್ಕೂ ಬಿಳಿ ಕೂದಲಿಲ್ಲ.

"ಗಂಡು ಗಿಡ," ಎಂದೆ. "ಔಷಧಿ ಇರುವುದು ಹೆಣ್ಣು ಗಿಡದ ಹೂವಿನಲ್ಲಿ. ಇದರಿಂದ ಪ್ರಯೋಜನವಿಲ್ಲ."

ಮತ್ತೆ ಮತ್ತೆ ನೋಡಿದೆ. ಸುಳ್ಳಾಗಲಿ ಎಂದು.

ಏಪ್ರಿಲ್ 7

ಕೆಲಸಕ್ಕೆ ಹೋಗಲಿಲ್ಲ. ಗುರುಬಸಪ್ಪನಿಗೆ ಎಲ್ಲ ಹೇಳಿದೆ. ಬಯ್ಯಲಿಲ್ಲ. "ನಾಳಿ ಯುಗಾದಿ," ಎಂದರು. "ಬೇವು ತರ್ಲೇನು?" ಬೇಡ ಎಂದೆ.

ಏಪ್ರಿಲ್ 19, ಶನಿವಾರ. ಬೆಳಿಗ್ಗೆ

ತೃಪ್ತಿ ಫೋನ್. ಆಂಟಿ ಎನ್ನಲಿಲ್ಲ. ಯಾರಿಂದಲೋ ಬೀಜ ತಂದು ಹಾಕಿದ್ದಾಳೆ. ಮೊಳಕೆ ಬಂದಿವೆಯಂತೆ. ನೀರು ಎಷ್ಟು, ಯಾವಾಗ — ಅಷ್ಟೇ ಕೇಳಬೇಕಂತೆ.

ಹೇಳಿದೆ. ಬೆರಳು ಮಣ್ಣಿಗಿಳಿಸಿ ನೋಡು, ಒಣಗಿದ್ದರೆ ಮಾತ್ರ ಹಾಕು. ಫ್ಯಾನ್ ಇಡು. ಗ್ಯಾರೇಜಿನ ಬಾಗಿಲು ಹಗಲು ಸ್ವಲ್ಪ ಎತ್ತಿಡು. ಮತ್ತೆ ಗುಳ್ಳೆ ಕಂಡರೆ ಹೆದರಬೇಡ, ರೋಗವಲ್ಲ. ಆ ಕಡೆ ಪೆನ್ಸಿಲಿನ ಸದ್ದು.

"ಅಮ್ಮ ಹೇಗಿದ್ದಾರೆ?"

ಅದನ್ನು ಬಿಟ್ಟು ಅವಳು ಕೇಳಿದಳು, "ಹೂ ಬರೋಕೆ ಎಷ್ಟು ದಿನ ಬೇಕು?"

ಮೂರು ತಿಂಗಳಾದರೂ ಬೇಕು. ಕಿತ್ತದ್ದು ಇದ್ದಿದ್ದರೆ ಇನ್ನೇನು ಮೊಗ್ಗಾಗುತ್ತಿತ್ತು. ಬಾಯಿಗೆ ಬಂದ ಲೆಕ್ಕವನ್ನು ನುಂಗಿ, ಬೇಗ ಬರುತ್ತದೆ ಎನ್ನಲು ಹೋದೆ. ಆದರೆ ಅವಳಿಗೆ ನಾನು ಇನ್ನು ಮುಂದೆ ಸುಳ್ಳು ಹೇಳಲಾರೆ. "ಮೂರು ತಿಂಗಳು," ಎಂದೆ.